ಕಪಾಟು ತುಂಬಿದರೆ ಸಾಲದು, ಆಟ ನಡೆಯಬೇಕು: ಸೋರ್ಸ್‌ಬುಕ್ ಸಂಗ್ರಹಕ್ಕೆ ಎಂಟು ಸೂತ್ರಗಳು

ನಾಲ್ಕೈದು ಜನ ಮೇಜಿನ ಸುತ್ತ ಕೂತು, ತಲೆಗೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ನಡೆಸುವ ಡಂಜನ್ ಮಾಸ್ಟರ್ ನಮ್ಮ ಕಡೆ ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಹಾಗೆ; ಎಲ್ಲರ ಪಾತ್ರವೂ ಅವರಿಗೆ ಗೊತ್ತಿರಬೇಕು. ಅದಕ್ಕೆ ಬೇಕಾದ ಕೈಪಿಡಿಗಳೇ ಸೋರ್ಸ್‌ಬುಕ್‌ಗಳು. ಒಂದೊಂದಕ್ಕೂ ಸಾವಿರಾರು ರೂಪಾಯಿ. ಹೊಸಕೋಟೆ ತಾಲ್ಲೂಕಿನ ನಂದಗುಡಿಯಲ್ಲಿದ್ದುಕೊಂಡು ಇವನ್ನು ಕೂಡಿಹಾಕಲು ಹೊರಟವರು ದುಡ್ಡು ಬಿಚ್ಚುವ ಮುನ್ನ ಇಷ್ಟು ತಿಳಿದಿರಲಿ.

1. ಮೊದಲು ಆಡಿ, ಆಮೇಲೆ ಕೊಳ್ಳಿ
ಆಟದ ಮೂಲ ನಿಯಮಗಳನ್ನು ಅದರ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯೇ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದೆ. 'ಎಸ್‌ಆರ್‌ಡಿ 5.1' ಎಂಬ ಆ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಬೇಕಾದ ಪುಟಗಳನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಮೂರ್ನಾಲ್ಕು ಸಲ ಆಡಿದ ಮೇಲೂ ಹುಮ್ಮಸ್ಸು ಇಳಿಯದಿದ್ದರೆ ಪುಸ್ತಕಕ್ಕೆ ಕೈಹಾಕಿ.

2. ಹೆಸರು ನೋಡಿ ಮೋಸಹೋಗಬೇಡಿ, ಇಸವಿ ನೋಡಿ
ಈ ಆಟ ಶುರುವಾದದ್ದು 1974ರಲ್ಲಿ. ಆಮೇಲೆ ನಿಯಮಗಳು 1989, 2000, 2008, 2014ರಲ್ಲಿ ಬದಲಾದವು. 2024ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಪುಸ್ತಕದ ಹೆಸರು ಮಾತ್ರ ಅದೇ 'ಪ್ಲೇಯರ್ಸ್ ಹ್ಯಾಂಡ್‌ಬುಕ್'. ಅಗ್ಗಕ್ಕೆ ಸಿಕ್ಕಿತೆಂದು 2008ರ ಪ್ರತಿ ತಂದು 2014ರ ಆಟಕ್ಕೆ ಕೂತರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೃತಿಸ್ವಾಮ್ಯದ ಪುಟ ತೆರೆದು ಇಸವಿ ಓದಿ, ಆಮೇಲೆ ಚೌಕಾಸಿ ಮಾಡಿ.

3. ಗುಂಪಿಗೊಂದೇ ಸೆಟ್ ಸಾಕು
ಬೇಕಾದದ್ದು ಮೂರು: ಆಟಗಾರರಿಗೆ ಪ್ಲೇಯರ್ಸ್ ಹ್ಯಾಂಡ್‌ಬುಕ್, ನಡೆಸುವವರಿಗೆ ಡಂಜನ್ ಮಾಸ್ಟರ್ಸ್ ಗೈಡ್, ಎದುರಾಳಿಗಳ ವಿವರಕ್ಕೆ ಮಾನ್‌ಸ್ಟರ್ ಮ್ಯಾನ್ಯುಯಲ್. ಐದು ಜನ ಪಾಲು ಹಾಕಿಕೊಂಡರೆ ಯಾರಿಗೂ ಹೊರೆಯಲ್ಲ. ಪುಸ್ತಕ ಯಾರ ಮನೆಯಲ್ಲಿರಬೇಕು, ಗುಂಪು ಒಡೆದರೆ ಯಾರಿಗೆ ಸೇರಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

4. ಕಣ್ಣಾರೆ ನೋಡಿ ಕೊಳ್ಳಿ
ಹೊಸಕೋಟೆ ದಾಟಿ ಬೆಂಗಳೂರಿನ ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಎಂ.ಜಿ. ರಸ್ತೆಯಲ್ಲಿ ಇಳಿದರೆ ಪಕ್ಕದಲ್ಲೇ ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಲ್ಲಿ ಹಳೆಯ ಪುಸ್ತಕಗಳ ಸಾಲು ಜಾಲಾಡಿ. ಹೋದಾಗಲೆಲ್ಲ ಸಿಗುತ್ತದೆಂದಲ್ಲ, ಸಿಕ್ಕರೆ ಲಾಭ. ಬೆನ್ನು ಬಿಟ್ಟಿದೆಯೇ, ನಕ್ಷೆ ಹರಿದಿದೆಯೇ, ಚಿತ್ರಗಳು ಮಸುಕಾಗಿವೆಯೇ ನೋಡಿ. ಹೊಸದೆಂದು ಅರ್ಧ ಬೆಲೆಗೆ ಮಾರುತ್ತಿದ್ದು, ಚಿತ್ರ ಮಸುಕಾಗಿ ಕಾಗದ ತೆಳುವಾಗಿದ್ದರೆ ಅದು ನಕಲಿ ಎಂದೇ ಅನುಮಾನಿಸಿ. ವಿದೇಶದಿಂದ ತರಿಸುವುದಾದರೆ ಅಂಚೆ ವೆಚ್ಚ, ಸುಂಕ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ.

5. ಅಪರೂಪದ್ದಾದರೆ ಯಾಕೆ ಅಪರೂಪ ಎಂದು ಕೇಳಿ
1980ರ 'ಡೀಟೀಸ್ ಅಂಡ್ ಡೆಮಿಗಾಡ್ಸ್' ನೋಡಿ. ಇಂದ್ರ, ಅಗ್ನಿಯರಿಗೂ ಬಲಾಬಲದ ಅಂಕ ಹಾಕಿ ಆಟಕ್ಕಿಳಿಸಿದ ಪುಸ್ತಕ ಅದು. ಮೊದಮೊದಲ ಮುದ್ರಣಗಳಲ್ಲಿ 144 ಪುಟ. ಆಮೇಲೆ ಕಥುಲು ಮತ್ತು ಮೆಲ್ನಿಬೊನೆ ಕಥಾಲೋಕದ ಭಾಗಗಳನ್ನು ತೆಗೆದು 128 ಪುಟಕ್ಕೆ ಇಳಿಸಿದರು. ಸಂಗ್ರಾಹಕರು ಮುಗಿಬೀಳುವುದು ಆ 144 ಪುಟದ ಪ್ರತಿಗೆ. ಹಳೆಯದೆಲ್ಲ ಚಿನ್ನವಲ್ಲ, ಪುಟ ಎಣಿಸಿ.

6. ನಮ್ಮವರ ವೇಷ ಗುರುತಿಸಿ
1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ರಾಕ್ಷಸನಿದ್ದಾನೆ. ಹುಲಿಮೋರೆ, ಕೈಯಲ್ಲಿ ಹೊಗೆಯ ಕೊಳವೆ, ಮಂತ್ರಿಸಿದ ಬಾಣ ತಾಕಿದರೆ ಸಾವು. ನಮ್ಮ ನಾಟಕದ ಘಟೋತ್ಕಚನಿಗೂ ಅವನಿಗೂ ಸಂಬಂಧವೇ ಇಲ್ಲ! ನಮ್ಮ ನೆಲವನ್ನು ಒಳಗಿನಿಂದ ಬಲ್ಲವರು ಬರೆದದ್ದು ಬೇಕೆಂದರೆ 2022ರ 'ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್' ತೆಗೆದುಕೊಳ್ಳಿ. ಅದರಲ್ಲಿ ಕೋಲ್ಕತ್ತ ಮೂಲದ ಮಿಮಿ ಮಂಡಲ್ ಬಂಗಾಳದ ಛಾಯೆಯಲ್ಲಿ ಕಟ್ಟಿದ ಸಾಹಸವಿದೆ.

7. ಪುಕ್ಕಟೆ ಸೋರ್ಸ್‌ಬುಕ್ ನಮ್ಮೂರಲ್ಲೇ ಇದೆ
ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ' 9ನೇ ಸಂಪುಟದಲ್ಲಿ ಹೊಸಕೋಟೆ ತಾಲ್ಲೂಕು ಸೇರಿದಂತೆ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅಂತರ್ಜಾಲದಲ್ಲಿ ಕಾಸು ಕೊಡದೆ ಓದಬಹುದು. ನಂದಗುಡಿಗೆ ನಂದರಾಜರ ಐತಿಹ್ಯ ಅಂಟಿಕೊಂಡಿದೆ. ಅದು ಚರಿತ್ರೆಯೇ ಎಂಬ ತಕರಾರು ಆಟಕ್ಕೆ ಬೇಡ.

ಇಂಥವುಗಳಿಂದ ಆಟ ಕಟ್ಟುವುದು ಹೇಗೆ? ಒಂದು ವೀರಗಲ್ಲನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಮೂರು ಪಟ್ಟಿ, ಮೂರು ಸಂಜೆಯ ಆಟ. ಮೊದಲ ಸಂಜೆ ತುರುಗಳ್ಳರು ದನ ಹೊಡೆದುಕೊಂಡು ಹೋಗಿದ್ದಾರೆ; ಅವರ ಜಾಡು ಸಿಗಬೇಕಾದರೆ 20 ಮುಖದ ದಾಳದಲ್ಲಿ 12ಕ್ಕೆ ಕಡಿಮೆ ಬೀಳಬಾರದು. ಎರಡನೆಯ ಸಂಜೆ ಸತ್ತ ಸಂಗಡಿಗನನ್ನು ಅಪ್ಸರೆಯರಿಂದ ಬಿಡಿಸಿಕೊಳ್ಳಬೇಕು. ಮೂರನೆಯ ಸಂಜೆ ಶಿವನ ಮುಂದೆ ವಾದ. ಇದನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಂಥ ಪುಸ್ತಕ ಯಾವ ಅಂಗಡಿಯಲ್ಲೂ ಸಿಗದು.

8. ಗೆದ್ದಲಿಗೂ ಗೆಳೆಯರಿಗೂ ಲೆಕ್ಕ ಇಡಿ
ಕಪಾಟು ಗೋಡೆಗೆ ತಾಗದಿರಲಿ, ಕೆಳಗಿನ ಅರೆ ನೆಲದಿಂದ ಗೇಣು ಮೇಲಿರಲಿ. ಒಣಗಿದ ಬೇವಿನೆಲೆ ಇಟ್ಟು, ಮಳೆಗಾಲದಲ್ಲಿ ಆಗಾಗ ತೆಗೆದು ಗಾಳಿಯಾಡಿಸಿ. ಒಂದು ಪಟ್ಟಿಯಲ್ಲಿ ಪುಸ್ತಕದ ಹೆಸರು, ಇಸವಿ, ಕೊಟ್ಟ ಬೆಲೆ, ಎರವಲು ಒಯ್ದವರು, ಕೊನೆಯ ಬಾರಿ ಮೇಜಿಗೆ ಬಂದ ದಿನ ಬರೆಯಿರಿ. ವರ್ಷವಿಡೀ ಆ ಕೊನೆಯ ಅಂಕಣದಲ್ಲಿ ಹೊಸ ದಿನ ಕಾಣದ ಪುಸ್ತಕವನ್ನು ಮಾರಿ, ಇಲ್ಲವೇ ಬದಲಿ ಮಾಡಿಕೊಳ್ಳಿ. ಬಂದ ದುಡ್ಡಿನಲ್ಲಿ ದಾಳ ಕೊಂಡು, ಹೊಸಬರೊಬ್ಬರನ್ನು ಆಟಕ್ಕೆ ಕರೆಯಿರಿ.