ಅಪ್ಪ ಹೇಳಿಕೊಂಡ ಆಟ: ವರ್ಷ ತುಂಬುವ ಮೊದಲು ಆಡಿಸಬಹುದೇ?

ಪ್ರಶ್ನೆ: ತಮ್ಮನಿಗೆ ಕಾಯಿಲೆಯಾಗಿದ್ದಾಗ ನಮ್ಮ ತಂದೆ ಕಟೀಲು ಅಮ್ಮನಿಗೆ ಒಂದು ಯಕ್ಷಗಾನ ಬಯಲಾಟದ ಹರಕೆ ಹೇಳಿಕೊಂಡಿದ್ದರು. ತಮ್ಮ ಗುಣವಾದ. ಎಷ್ಟೋ ವರ್ಷ ಕಾದ ಮೇಲೆ ಈ ಫಾಲ್ಗುಣದಲ್ಲಿ ನಮ್ಮ ಸರದಿ ಬಂದಿದೆ. ಆದರೆ ಕಳೆದ ಆಷಾಢದಲ್ಲಿ ತಂದೆ ತೀರಿಕೊಂಡರು. ಬೆಂಗಳೂರಲ್ಲೇ ಒಂದು ಸಭಾಂಗಣದಲ್ಲಿ ಮೂರು ಗಂಟೆಯ ಆಟ ಆಡಿಸಿ, ಉಳಿದ ಹಣ ಅನ್ನದಾನಕ್ಕೆ ಕೊಡೋಣ ಅಂತ ತಮ್ಮ ಹೇಳ್ತಾನೆ. ತಾಯಿಗೆ 78 ವರ್ಷ. ತಮ್ಮ ಕಣ್ಣೆದುರೇ ಹರಕೆ ತೀರಲಿ ಅಂತ ಅವರ ಆಸೆ. ಊರಲ್ಲಿ ಚಿಕ್ಕಪ್ಪ ಇದ್ದಾರೆ. ಏನು ಮಾಡಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹರಕೆಯ ಆಟ ಬರೀ ಮನರಂಜನೆಯಲ್ಲ, ಅದು ಪೂಜೆ. ಇದು ಮನಸ್ಸಿಗೆ ಬಂದರೆ ಉಳಿದದ್ದು ತಾನೇ ತಿಳಿಯುತ್ತದೆ. ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಮೇಳದ ದೇವರನ್ನಿಟ್ಟು ಪೂಜೆ ಮಾಡುತ್ತಾರೆ. ಪ್ರಸಾದ ತಗೊಂಡೇ ವೇಷಗಳು ರಂಗಕ್ಕೆ ಹೋಗೋದು. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಕುಣಿದ ಮೇಲೆ ಪ್ರಸಂಗ, ಕೊನೆಗೆ ಮಂಗಳ. ಸಂಕಲ್ಪದಿಂದ ಮಂಗಳದವರೆಗೆ ಇದು ಒಂದೇ ಕರ್ಮ.

ಹಾಗಾಗಿ ತಮ್ಮನ ಸಲಹೆ ಸರಿಹೋಗದು. ಬೆಂಗಳೂರಲ್ಲಿ ಆಟ ಆಡಿಸೋದು ಒಳ್ಳೇ ಕಲಾಸೇವೆ, ಬೇಕಾದರೆ ಇನ್ನೊಮ್ಮೆ ಮಾಡಿ. ಆದರೆ ಅಪ್ಪ ಮಾತು ಕೊಟ್ಟದ್ದು ಅಮ್ಮನಿಗೆ. ಅಮ್ಮನ ಮೇಳದಿಂದಲೇ ಅದು ಸಲ್ಲಬೇಕು. ಅನ್ನದಾನದ ಚಿಂತೆಯೂ ಬೇಡ. ಮೇಳದವರಿಗೂ ಆಟ ನೋಡಲು ಬಂದವರಿಗೂ ಊಟ ಹಾಕೋದು ಈ ಸೇವೆಯ ಜೊತೆಗೇ ಬರುತ್ತದೆ.

ರಾತ್ರಿಯಿಡೀ ಆಡಿಸದಿದ್ದರೆ ಹರಕೆ ಅರ್ಧವಾಯಿತಾ ಅಂತಲೂ ಕೆಲವರು ಕೇಳ್ತಾರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧ ಇದೆ. ದೇವಸ್ಥಾನದವರು ಎಷ್ಟು ಹೊತ್ತು ಗೊತ್ತುಮಾಡುತ್ತಾರೋ ಅಷ್ಟೇ ಪೂರ್ಣ ಸೇವೆ. ಲೋಪವಿಲ್ಲ.

ಇನ್ನು ಮುಖ್ಯ ಪ್ರಶ್ನೆ, ಅಪ್ಪನ ವರ್ಷ. ತಂದೆ ತೀರಿದ ವರ್ಷದಲ್ಲಿ ಮಕ್ಕಳು ಹೊಸ ಕಾಮ್ಯ ಕರ್ಮಗಳನ್ನು ಹಿಡಿಯೋದಿಲ್ಲ, ನಿಜ. ಆದರೆ ಇದು ಹೊಸ ಬೇಡಿಕೆಯಲ್ಲ. ಕೇಳಿದ್ದು ಸಿಕ್ಕಿ ಆಗಿದೆ, ಉಳಿದಿರೋದು ಋಣ. ತಂದೆಯ ಸಾಲ ಮಕ್ಕಳು ತೀರಿಸಿದ ಹಾಗೆ ಇದು. ಆದ್ದರಿಂದ ಫಾಲ್ಗುಣದಲ್ಲೇ ಮಾಡಬಹುದು ಅನ್ನೋದು ನನ್ನ ಅಭಿಪ್ರಾಯ. ಸಂಕಲ್ಪಕ್ಕೆ ಮಾತ್ರ ಚಿಕ್ಕಪ್ಪನವರನ್ನು ಕೂರಿಸಿ. ಅವರ ಸೂತಕ ಆಗಲೇ ಕಳೆದಿದೆ, ವರ್ಷದ ಕಟ್ಟು ಮಕ್ಕಳಿಗೆ ಮಾತ್ರ. 'ನನ್ನ ಅಣ್ಣ ಹೇಳಿಕೊಂಡ ಸೇವೆ' ಅಂತ ಹೆಸರು, ಗೋತ್ರ ಹೇಳಿ ಅವರು ಸಂಕಲ್ಪ ಮಾಡಲಿ. ನೀವಿಬ್ಬರೂ ಹಿಂದೆ ನಿಂತು ಕೈಮುಗಿಯಿರಿ. ಅದೇ ದಿನ ಅಪ್ಪನ ಮಾಸಿಕ ಬಂದರೆ ಅದನ್ನು ಹಗಲಿಗೇ ಮುಗಿಸಿಬಿಡಿ. ಆಟದ ಹೊತ್ತಿಗೆ ಕುಟುಂಬದಲ್ಲಿ ಹೊಸದಾಗಿ ಸೂತಕ ಬಂದರೆ ಮಾತ್ರ ತಡಮಾಡದೆ ದೇವಸ್ಥಾನದ ಕಚೇರಿಗೆ ತಿಳಿಸಿ, ಅವರು ಹೇಳಿದಂತೆ ನಡೆಯಿರಿ.

ಕುಲಾಚಾರ ಮನೆಯಿಂದ ಮನೆಗೆ ಬೇರೆ. ನಿಮ್ಮ ಕುಲಪುರೋಹಿತರು ವರ್ಷ ಕಳೆಯಲಿ ಅಂದರೆ ಹಾಗೇ ಮಾಡಿ. ಆದರೆ ಒಂದು ಲೆಕ್ಕ ನೆನಪಿರಲಿ. ಮೇ ಕೊನೆಯ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಮತ್ತೆ ಹೊರಡೋದು ದೀಪಾವಳಿ ಕಳೆದ ಮೇಲೆ. ನಿಮ್ಮ ವರ್ಷ ತುಂಬುವುದು ಆಷಾಢದಲ್ಲಿ, ಆಗ ಆಟ ಇರೋದೇ ಇಲ್ಲ. ಮುಂದೆ ಹಾಕಿದರೆ ಮುಂದಿನ ತಿರುಗಾಟಕ್ಕೇ, ಅದೂ ದಿನ ಸಿಕ್ಕರೆ. ಮೊದಲೇ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪಾಗಿ ದೇವರ ಮುಂದೆ ಇಡಿ. 78ರ ತಾಯಿಯನ್ನು ಇನ್ನೆಷ್ಟು ಕಾಯಿಸಬಹುದು ಅನ್ನೋದನ್ನು ಮಾತ್ರ ನೀವೇ ಯೋಚಿಸಿ.

ಕೊನೆಯದಾಗಿ, ನೀವು ಕೇಳದೆ ಇದ್ದರೂ ಹೇಳ್ತೇನೆ. ಗಂಡನನ್ನು ಕಳಕೊಂಡವರು ಚೌಕಿಪೂಜೆಗೆ ಬರಬಾರದು ಅಂತ ಯಾರಾದರೂ ಕೊಂಕು ತೆಗೆದರೆ ಕಿವಿಗೆ ಹಾಕ್ಕೋಬೇಡಿ. ಮಗನಿಗಾಗಿ ಅಪ್ಪನ ಜೊತೆ ಅವರೂ ಬೇಡಿಕೊಂಡವರೇ. ಪೂಜೆ ಹೊತ್ತಿಗೆ ತಾಯಿಯನ್ನು ಮುಂದೆ ಕೂರಿಸಿ, ಪ್ರಸಾದ ಅವರ ಕೈಗೇ ಕೊಡಿಸಿ. ಅವರ ಕೈಯಿಂದ ತಮ್ಮ ತಗೊಳ್ಳಲಿ. ತಾಯಿ ದುರ್ಗಾಪರಮೇಶ್ವರಿ ನಿಮ್ಮ ಮನೆಯನ್ನು ಕಾಯಲಿ.