ತಿಂಗಳಿಗೆ ಐವತ್ತು ರೂಪಾಯಿಯ ನಿಧಿ

ನಿಮ್ಮ ಬೀದಿಯ ಗಾರೆ ಕೆಲಸದವರೊಬ್ಬರು ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡರು ಎನ್ನಿ. ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಕ್ಯೂಆರ್ ಕೋಡ್ ಬರುತ್ತದೆ. ಮೊದಲ ದಿನ ಒಬ್ಬರನ್ನು ನೋಡಿ ಇನ್ನೊಬ್ಬರು ಹಣ ಹಾಕುತ್ತಾರೆ. ಮೂರನೇ ದಿನಕ್ಕೆ ಗುಂಪಿನಲ್ಲಿ ಕ್ರಿಕೆಟ್ ಮಾತು. ಕಾಲಿನ ಪ್ಲಾಸ್ಟರ್ ಬಿಚ್ಚಲು ಮಾತ್ರ ಇನ್ನೂ ಒಂದೂವರೆ ತಿಂಗಳಿದೆ, ಅದಾದ ಮೇಲೂ ಅವರು ತಕ್ಷಣ ಸಾರುವೆ ಹತ್ತುವಂತಿಲ್ಲ. ಮನೆಯವರಿಗೆ ನಿಜವಾದ ಕಷ್ಟ ಶುರುವಾಗುವುದೇ ಆಗ.

ಹೀಗೆ ಆಗಬಾರದು, ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಕೂಡಿಡುವ ಒಂದು ನಿಧಿ ಬೇಕು ಎಂದುಕೊಂಡು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದಕ್ಕೆ ದೊಡ್ಡ ಮನಸ್ಸು ಬೇಕಿಲ್ಲ. ಒಂದು ನೋಟುಪುಸ್ತಕ, ಹಣ ಕೇಳಲು ಹಿಂಜರಿಯದ ಇಬ್ಬರು, ಇಷ್ಟಿದ್ದರೆ ಆಯಿತು.

ಇದೇನೂ ಹೊಸದಲ್ಲ. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿಡುವುದನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಮಠಗಳ ವಿದ್ಯಾರ್ಥಿನಿಲಯಗಳು ಜೋಳಿಗೆಯಿಂದಲೇ ಬೆಳೆದವು. ಮಿಜೋರಾಮಿನ ಚರ್ಚುಗಳಲ್ಲಿ ಹಿಡಿ ಅಕ್ಕಿಯ ಈ ಪದ್ಧತಿಗೆ ಬುಹ್‌ಫಾಯ್ ಥಾಮ್ ಎನ್ನುತ್ತಾರೆ. 1910ರಲ್ಲಿ ಶುರುವಾದದ್ದು ಇಂದಿಗೂ ನಡೆದಿದೆ. ಅಡುಗೆ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ, ಹೆಂಗಸರು ಅದನ್ನು ಒಟ್ಟುಮಾಡುತ್ತಾರೆ, ಮಾರಿ ಬಂದ ಹಣ ಚರ್ಚಿನ ಕೆಲಸಕ್ಕೆ ಹೋಗುತ್ತದೆ. ಮನೆಮನೆಯಲ್ಲೂ ದಿನಕ್ಕೊಂದು ಹಿಡಿ ಧಾನ್ಯ ಕೂಡಿಡುವ ಸರ್ವೋದಯ ಪಾತ್ರೆಯ ಮಾತನ್ನು ವಿನೋಬಾ ಭಾವೆಯವರು ಎತ್ತಿದಾಗ, ಆ ಹಿಡಿ ಧಾನ್ಯವನ್ನು ಮನೆಯ ಮಗುವಿನ ಕೈಯಿಂದ ಹಾಕಿಸಿ ಎಂದಿದ್ದರು. ಮಗುವಿನ ಮುಷ್ಟಿ ಎಷ್ಟು ಹಿಡಿದೀತು! ಆದರೆ ಒಂದು ದಿನವೂ ತಪ್ಪಬಾರದು, ಅವರಿಗೆ ಬೇಕಾಗಿದ್ದುದು ಅದು.

ತಪ್ಪದೆ ಕೊಡಿಸುವುದು ಹೇಗೆ ಎಂಬುದನ್ನು ನಾನು ದಾನಿಗಳಿಗಿಂತ ಬ್ಯಾಂಕಿನವರಿಂದ ಕಲಿಯಿರಿ ಎನ್ನುತ್ತೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ. ಅದು ಉಳಿತಾಯವೇ ಹೊರತು ದಾನವಲ್ಲ, ನಿಜ. ಆದರೆ ಎರಡಾಣೆ ಕಟ್ಟಲು ಜನ ಬ್ಯಾಂಕಿಗೆ ಹೋಗಲಿಲ್ಲ, ಏಜೆಂಟನೇ ಅಂಗಡಿ ಬಾಗಿಲಿಗೆ ಬಂದ. ನಿಮ್ಮ ನಿಧಿಗೂ ಅಂಥ ಒಬ್ಬರು ಬೇಕು. ಗುಂಪಿನಲ್ಲಿ ನೆನಪೋಲೆ ಹಾಕಿದರೆ ಹತ್ತು ಮನೆಯವರು ಕೊಟ್ಟಾರು. ಭಾನುವಾರ ಬೆಳಿಗ್ಗೆ ಬಾಗಿಲಿಗೆ ಹೋಗಿ ನಿಂತರೆ ಉಳಿದವರೂ ಕೊಡುತ್ತಾರೆ, ಕಾಫಿಯನ್ನೂ ಕೊಡುತ್ತಾರೆ.

ಮೊತ್ತ ಎಷ್ಟಿರಬೇಕು? ಐವತ್ತು ರೂಪಾಯಿ ಸಾಕು. ನಲವತ್ತು ಮನೆಗಳಿದ್ದರೆ ತಿಂಗಳಿಗೆ ₹2,000, ವರ್ಷಕ್ಕೆ ₹24,000. ಯಾರಾದರೂ ಉತ್ಸಾಹದಿಂದ ಐದು ಸಾವಿರ ಕೊಡುತ್ತೇನೆಂದರೆ ನಾನಾದರೆ ನಯವಾಗಿ ಬೇಡವೆನ್ನುತ್ತೇನೆ. ಜಿಪುಣತನವೆನ್ನಿಸಿದರೂ ಇದಕ್ಕೆ ಕಾರಣವಿದೆ. ಐದು ಸಾವಿರ ಕೊಟ್ಟವರಿಗೆ, ಹಣ ಯಾರಿಗೆ ಹೋಗಬೇಕೆಂದು ಹೇಳುವ ಬಾಯಿ ಬರುತ್ತದೆ. ಪಡೆದ ಮನೆಯವರು ದೀಪಾವಳಿಗೆ ಹೊಸ ಸೀರೆ ಉಟ್ಟರೆ ಅವರ ಹುಬ್ಬು ಏರುತ್ತದೆ. ಐವತ್ತು ಕೊಟ್ಟವರಿಗೆ ಆ ಧೈರ್ಯ ಬರುವುದಿಲ್ಲ. ಇಡೀ ಬೀದಿ ಕೊಟ್ಟದ್ದಾದ್ದರಿಂದ ಪಡೆದವರು ಯಾರೊಬ್ಬರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ವಾರಾನ್ನದ ಕಥೆಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುತ್ತಿದ್ದ. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ಆ ಬದುಕಿನ ಪರಿಚಯವಿದೆ. ಹೊರೆ ಏಳು ಪಾಲಾಗುತ್ತಿದ್ದುದರಿಂದ ಯಾವ ಮನೆಗೂ ಭಾರವಾಗುತ್ತಿರಲಿಲ್ಲ, ಎಷ್ಟೋ ಜನ ಹಾಗೆಯೇ ಓದಿ ಮುಂದೆ ಬಂದರು. ಆದರೆ ಹುಡುಗ ದಿನಾ ಒಂದೊಂದು ಬಾಗಿಲಲ್ಲಿ ಮುಖ ತೋರಿಸಲೇಬೇಕಿತ್ತು. ಬುಧವಾರದ ಮನೆಯವರು ಊರಿಗೆ ಹೋಗಿದ್ದರೆ ಬುಧವಾರ ಉಪವಾಸ. ಮೇಲಾಗಿ ಬಹುಪಾಲು ಅದು ಆಯಾ ಜಾತಿಯೊಳಗೇ ನಡೆಯುತ್ತಿತ್ತು. ನಿಮ್ಮ ನಿಧಿಗೆ ಹೊರೆ ಹಂಚುವ ಆ ಜಾಣ್ಮೆ ಸಾಕು, ಉಳಿದೆರಡು ಬೇಡ. ಬೀದಿಯ ಕೊನೆಯಲ್ಲಿ ಶೀಟಿನ ಮನೆಯಲ್ಲಿರುವ ಬಳ್ಳಾರಿ ಕಡೆಯ ಕೂಲಿಯವರೂ ಬೀದಿಯವರೇ ಎಂದು ಮೊದಲ ಸಭೆಯಲ್ಲೇ ಬರೆದುಕೊಳ್ಳಿ. ಮುಂದೆ ಅದೇ ಜಗಳಕ್ಕೆ ಬರುತ್ತದೆ.

ಹಳೇ ಮೈಸೂರಿನ ಮದುವೆಗಳಲ್ಲಿ ಮುಯ್ಯಿ ಬರೆಯುವವರು ಪುಸ್ತಕ ಹಿಡಿದು ಕೂರುವುದನ್ನು ನೋಡಿರುತ್ತೀರಿ. ಅಲ್ಲಿ ಕೊಟ್ಟವರ ಹೆಸರು ಮುಖ್ಯ, ಏಕೆಂದರೆ ನಾಳೆ ಅವರ ಮನೆಯ ಮದುವೆಯಲ್ಲಿ ಅದನ್ನು ತೀರಿಸಬೇಕು. ನಿಧಿಯ ಪುಸ್ತಕದಲ್ಲೂ ಕೊಟ್ಟವರ ಹೆಸರಿರಲಿ, ಎಲ್ಲರೂ ನೋಡಲಿ. ಖರ್ಚಿನ ಪುಟದಲ್ಲಿ ಮಾತ್ರ ಹೆಸರು ಬೇಡ. ‘12ನೇ ತಾರೀಕು, ಔಷಧಿ, ₹640’, ‘15ನೇ ತಾರೀಕು, ಪರೀಕ್ಷೆ ಫೀಸು, ₹485’, ಇಷ್ಟು ಸಾಕು. ಬಿಲ್ಲುಗಳನ್ನು ಬೇರೆ ಲಕೋಟೆಯಲ್ಲಿಟ್ಟು, ನಿಧಿ ನೋಡಿಕೊಳ್ಳಲು ನೀವು ಆರಿಸಿದ ಮೂವರು ಮಾತ್ರ ಅದನ್ನು ತೆರೆಯಲಿ. ಆ ಮೂವರಲ್ಲಿ ಒಬ್ಬರು ಮನೆಮನೆಗೆ ಹಾಲು ಹಾಕುವವರೋ ಕಿರಾಣಿ ಅಂಗಡಿಯವರೋ ಆಗಿದ್ದರೆ ಒಳ್ಳೆಯದು. ಯಾರು ಅರ್ಧ ಲೀಟರಿನಿಂದ ಕಾಲು ಲೀಟರಿಗೆ ಇಳಿದರು, ಯಾರ ಬಾಕಿ ಬೆಳೆಯುತ್ತಿದೆ ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಕೊಡುವಾಗ ಫೋಟೋ ತೆಗೆಯುವವರನ್ನು ಈ ಕೆಲಸಕ್ಕೆ ಸೇರಿಸಲೇಬೇಡಿ.

ಈ ಹಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ತಿಳಿದಿರಬೇಕು. ಇಪ್ಪತ್ತು ಲಕ್ಷದ ಶಸ್ತ್ರಚಿಕಿತ್ಸೆಗೆ ಇದು ಸಾಲದು, ಆ ಆಸೆಯನ್ನು ಯಾರಲ್ಲೂ ಹುಟ್ಟಿಸಬೇಡಿ. ಆಸ್ಪತ್ರೆಗೆ ಸೇರಬೇಕಾದವರಿಗೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ; ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡು ಮಾಡಿಸದಿದ್ದರೆ ಜೊತೆಗೆ ಹೋಗಿ ಮಾಡಿಸಿಕೊಡಿ, ನಿಧಿಯ ಒಂದು ರೂಪಾಯಿಯೂ ಖರ್ಚಾಗದ ಸಹಾಯ ಅದು. ಆದರೆ ಜೊತೆಯಲ್ಲಿ ಮಲಗುವವರ ಊಟ, ಆಟೋ, ಬಿಟ್ಟುಹೋದ ಕೂಲಿ ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಗಂಡ ವಾರ್ಡಿನಲ್ಲಿರುವಾಗ ಹೆಂಡತಿ ಎರಡು ಇಡ್ಲಿಯನ್ನು ಬೆಳಿಗ್ಗೆಗೊಂದು ರಾತ್ರಿಗೊಂದು ಎಂದು ಹಂಚಿಕೊಳ್ಳುವುದು ಇಂಥ ಹೊತ್ತಿನಲ್ಲೇ. ನಿಮ್ಮ ಎರಡು ಸಾವಿರ ಇರುವುದು ಇಲ್ಲಿಗೆ.

ಪದಾರ್ಥ ಕೊಡಬೇಕೋ ಹಣವೋ ಎಂದು ಚರ್ಚೆ ಎದ್ದೇ ಏಳುತ್ತದೆ. ನಾನು ಹಣದ ಕಡೆ. 2020ರ ಲಾಕ್‌ಡೌನಿನಲ್ಲಿ ಕಿಟ್ ಹಂಚಿದವರನ್ನು ಕೇಳಿ ನೋಡಿ: ಮೂರು ಕಡೆಯಿಂದ ಅಕ್ಕಿ ಬಂದ ಮನೆಯಲ್ಲಿ ಸಿಲಿಂಡರ್ ಖಾಲಿಯಾಗಿರುತ್ತಿತ್ತು. ಮನೆಯ ಹೆಂಗಸಿನ ಕೈಗೆ ಹಣ ಕೊಟ್ಟರೆ ಏನು ಬೇಕೆಂದು ಅವರಿಗೇ ಗೊತ್ತು. ಕುಡಿತದ ಭಯವಿರುವ ಕಡೆ ಅಂಗಡಿಯ ಬಾಕಿಯನ್ನು ನೇರವಾಗಿ ತೀರಿಸಿ. ಸುಧಾರಿಸಿಕೊಂಡ ಮೇಲೆ ಅವರೂ ಐವತ್ತು ತಂದರೆ ಎಲ್ಲರ ಹಾಗೆ ಬರೆದುಕೊಳ್ಳಿ. ‘ಪರವಾಗಿಲ್ಲ, ನೀವಿಟ್ಟುಕೊಳ್ಳಿ’ ಎಂಬ ಉದಾರ ಮಾತು ಅಲ್ಲಿ ಚುಚ್ಚುತ್ತದೆ.

ಇನ್ನು ಕಾನೂನಿನ ಮಾತು, ಚುಟುಕಾಗಿ. ಹಣವನ್ನು ಒಬ್ಬರ ಸ್ವಂತ ಖಾತೆಯಲ್ಲಿಡಬೇಡಿ; ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆ ತೆರೆಯಿರಿ. ತೆರಿಗೆ ವಿನಾಯಿತಿ ಸಿಗುತ್ತದೆಂದು ಯಾರಿಗೂ ಹೇಳಬೇಡಿ, ಅದಕ್ಕೆ ನೋಂದಣಿ, ಅನುಮೋದನೆ ಎಲ್ಲ ಆಗಿರಬೇಕು. ಅಮೆರಿಕದಲ್ಲಿರುವ ಬೀದಿಯ ಹುಡುಗ ತಾನೂ ಕೊಡುತ್ತೇನೆಂದರೆ ಅವನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ ಪೌರನಾಗಿಯೇ ಇದ್ದರೆ ತನ್ನ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಅಲ್ಲಿಯ ಪೌರತ್ವ ಪಡೆದಿದ್ದರೆ ಅವನು ನಿಧಿಗೆ ಕೊಡುವುದು ವಿದೇಶಿ ದೇಣಿಗೆಯಾಗುತ್ತದೆ, ಕೇಂದ್ರದ ಅನುಮತಿಯಿಲ್ಲದೆ ಪಡೆಯುವಂತಿಲ್ಲ. ಅವನ ಅಮ್ಮ ಇಲ್ಲೇ ಇದ್ದರೆ ಅವರು ತಮ್ಮ ಐವತ್ತನ್ನು ಕೊಡಲಿ.

ಹಣ ಎತ್ತುವುದನ್ನು ತಿಂಗಳ ಮೊದಲ ಭಾನುವಾರಕ್ಕೆ ಇಟ್ಟುಕೊಳ್ಳಿ. ಸಂಬಳ ಬಂದಿರುತ್ತದೆ, ಚೀಟಿ ಕಟ್ಟುವ ದಿನ ಇನ್ನೂ ಬಂದಿರುವುದಿಲ್ಲ.