ಡಿಗ್ರಿ ಮಕ್ಕಳ ಸ್ಕಾಲರ್‌ಶಿಪ್: ಅರ್ಜಿಗೆ ಮೊದಲು ಹೆಸರು ನೋಡಿ

ಔರಾದ್‌ನ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಎ. ಓದುವವರಿರಲಿ, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯ ಬೀದರ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವವರಿರಲಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಬಾಗಿಲು ಒಂದೇ: ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್. ಅಲ್ಲಿ ಅರ್ಜಿ ತುಂಬುವುದು ಕಷ್ಟವೇನಲ್ಲ. ಕಷ್ಟವೆಲ್ಲ ಅದಕ್ಕೂ ಮೊದಲಿನ ಕೆಲಸದಲ್ಲಿದೆ.

ಮೊದಲ ಹಂತ: ಹೆಸರು
ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ನಮ್ಮದು ಗಡಿ ಸೀಮೆ. ಮನೆಯಲ್ಲಿ ಮರಾಠಿ, ಉರ್ದು, ಶಾಲೆಯಲ್ಲಿ ಕನ್ನಡ. ಒಂದು ದಾಖಲೆಯಲ್ಲಿ ಅಡ್ಡಹೆಸರು ಮುಂದೆ ಬಂದರೆ ಇನ್ನೊಂದರಲ್ಲಿ ತಂದೆಯ ಹೆಸರು ನಡುವೆ ಸೇರಿರುತ್ತದೆ. ಮನುಷ್ಯರಿಗೆ ಇಬ್ಬರೂ ಒಬ್ಬರೇ ಎಂದು ತಿಳಿಯುತ್ತದೆ, ಕಂಪ್ಯೂಟರ್‌ಗೆ ತಿಳಿಯುವುದಿಲ್ಲ. ವ್ಯತ್ಯಾಸವಿದ್ದರೆ ಈಗಲೇ ಆಧಾರ್ ತಿದ್ದಿಸಿ. ಕೊನೆಯ ದಿನಾಂಕ ಹತ್ತಿರ ಬಂದ ಮೇಲೆ ಇದು ಆಗದ ಕೆಲಸ. ಮೊಬೈಲ್ ನಂಬರನ್ನೂ ಆಧಾರ್‌ಗೆ ಜೋಡಿಸಿಕೊಳ್ಳಿ, ಒಟಿಪಿ ಅದಕ್ಕೇ ಬರುತ್ತದೆ.

ಎರಡನೆಯ ಹಂತ: ಜಾತಿ, ಆದಾಯ ಪ್ರಮಾಣಪತ್ರ
ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ ಪಡೆಯಿರಿ. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ಅರ್ಜಿಗೆ ಬೇಕಾದದ್ದು. ಆದಾಯ ಪತ್ರದ ಅವಧಿ ಐದು ವರ್ಷ, ಮುಗಿದಿದ್ದರೆ ಹೊಸದು ಮಾಡಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಉಳಿದ ವರ್ಗಗಳ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಮೂರನೆಯ ಹಂತ: ಬ್ಯಾಂಕ್
ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ. ಪಾಸ್‌ಬುಕ್ ಇದ್ದರೆ ಸಾಲದು. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ಸರ್?" ಎಂದೇ ಕೇಳಿ. ಎರಡು ಮೂರು ಖಾತೆ ಇದ್ದವರು ಯಾವುದಕ್ಕೆ ಜೋಡಣೆಯಾಗಿದೆ ಎಂದೂ ಕೇಳಿ ತಿಳಿಯಿರಿ.

ನಾಲ್ಕನೆಯ ಹಂತ: ಅರ್ಜಿ
ಎಸ್‌ಎಸ್‌ಪಿಯಲ್ಲಿ ಖಾತೆ ತೆರೆದು, ಕಾಲೇಜಿನ ನೋಂದಣಿ ಸಂಖ್ಯೆ, ಆರ್‌ಡಿ ಸಂಖ್ಯೆ, ಶುಲ್ಕದ ವಿವರ ತುಂಬಿ. ದಾಖಲೆಗಳಿಗೆ ಇ-ದೃಢೀಕರಣ ಬೇಕಾದರೆ ಕಾಲೇಜಿನಲ್ಲಿ ಆ ಕೆಲಸಕ್ಕೆ ನೇಮಿಸಿದವರನ್ನು ಕಾಣಿ. ಸಲ್ಲಿಸಿದ ಮೇಲೆ ಸ್ವೀಕೃತಿ ಪ್ರತಿ ತೆಗೆದಿಡಿ. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೆ ಪಾಸ್‌ವರ್ಡ್ ಬರೆಸಿಕೊಳ್ಳದೆ ಏಳಬೇಡಿ. ಮುಂದಿನ ವರ್ಷವೂ ಅದು ಬೇಕು.

ಹಳ್ಳಿಯಿಂದ ಬಂದು ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳು ವಿದ್ಯಾಸಿರಿಯನ್ನೂ ಬಿಡಬಾರದು. ಊಟ, ವಸತಿಗೆಂದು ಹತ್ತು ತಿಂಗಳು ಹಣ ಕೊಡುವ ಯೋಜನೆ ಅದು. ಬೀದರ್‌ನಲ್ಲಿ ರೂಮು ಹಿಡಿದು ಓದುವವರಿಗೆ ಈ ಹಣದ ಬೆಲೆ ಗೊತ್ತು. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಜಾತಿಯ ಮಾತಿಲ್ಲದೆ ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ಇದೆ: ಆದಾಯ ಮಿತಿ 4.5 ಲಕ್ಷ, ಪದವಿಗೆ ವರ್ಷಕ್ಕೆ 12,000 ರೂಪಾಯಿ. ಅದರ ಅರ್ಜಿ ಮಾತ್ರ ಎಸ್‌ಎಸ್‌ಪಿಯಲ್ಲಲ್ಲ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ.

ಕೊನೆಯ ಹಂತ: ಬೆನ್ನುಹತ್ತುವುದು
ಅರ್ಜಿಯ ಸ್ಥಿತಿಯನ್ನು ತಿಂಗಳಿಗೊಮ್ಮೆ ನೋಡಿ. ತಡೆಯಾಗಿದ್ದರೆ ಕಾರಣ ಅಲ್ಲಿಯೇ ಕಾಣುತ್ತದೆ. ಅದನ್ನು ಪ್ರಿಂಟ್ ಮಾಡಿಸಿ ವಿದ್ಯಾರ್ಥಿವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ಅಲ್ಲಿ ಬಗೆಹರಿಯದಿದ್ದರೆ ಬೀದರ್‌ನ ಜಿಲ್ಲಾ ಕಚೇರಿಗೆ. ಇದು ನಿಮಗೆ ಸಲ್ಲಬೇಕಾದ ಹಣ, ಸಂಕೋಚಪಡದೆ ಕೇಳಿ.